ಉತ್ತರ ಬಂದ ಮೇಲೆ

ಸಂಜೆ ದೀಪ ಹತ್ತಿದ ಹೊತ್ತಿನಲ್ಲಿ ಮನೆಯ ಹುಡುಗ ಚರಿತ್ರೆಯ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದರೆ ಯಾರೂ ಅತ್ತ ವಿಶೇಷ ಗಮನ ಕೊಡುವುದಿಲ್ಲ. ತಂದೆ ಪತ್ರಿಕೆಯಿಂದ ತಲೆಯೆತ್ತುವುದಿಲ್ಲ. ಅಜ್ಜಿಯ ಜಪ ನಿಲ್ಲುವುದಿಲ್ಲ. ಆದರೆ ಲೆಕ್ಕದ ಪುಸ್ತಕ ಹೊರಬಿದ್ದಿತೆಂದರೆ ಮನೆಯ ಹವೆಯೇ ಬೇರೆಯಾಗುತ್ತದೆ. ಅಡಿಗೆಮನೆಯಿಂದ ತಾಯಿ ಎರಡು ಬಾರಿ ಇಣುಕುತ್ತಾರೆ. ತಂದೆ ಪತ್ರಿಕೆಯನ್ನು ಮಡಿಸಿಡುತ್ತಾರೆ. ಸ್ವಲ್ಪ ಹೊತ್ತಿನ ಮೌನದ ಬಳಿಕ ಒಂದೇ ಒಂದು ಪ್ರಶ್ನೆ ಹೊರಡುತ್ತದೆ: "ಉತ್ತರ ಬಂತೇನೋ?" ಹುಡುಗ ಪುಸ್ತಕದ ಕೊನೆಯ ಪುಟಗಳನ್ನು ತಿರುವಿ, ಅಲ್ಲಿ ಅಚ್ಚಾಗಿರುವ ಸಂಖ್ಯೆಯೂ ತಾನು ಬರೆದ ಸಂಖ್ಯೆಯೂ ಒಂದೇ ಎಂದು ಕಂಡುಕೊಂಡು, "ಬಂತು" ಎನ್ನುತ್ತಾನೆ. ಪುಸ್ತಕ ಮುಚ್ಚುತ್ತದೆ; ಊಟಕ್ಕೆ ತಟ್ಟೆ ಹಾಕುತ್ತಾರೆ.

ಉತ್ತರ ಬಂದಲ್ಲಿಗೆ ಲೆಕ್ಕ ಮುಗಿಯಿತೆಂಬ ಈ ನಂಬಿಕೆ ಎಷ್ಟು ಹಳೆಯದೋ ಅಷ್ಟೇ ಗಟ್ಟಿಯಾದುದು. ಹೈಸ್ಕೂಲಿನ ಗಣಿತದಿಂದ ಮಗುವಿಗೆ ದೊರೆಯಬಹುದಾದ ಅತ್ಯಂತ ಬೆಲೆಯುಳ್ಳ ವಸ್ತು ಉತ್ತರ ಬಂದ ನಂತರದ ಐದು ನಿಮಿಷಗಳಲ್ಲಿದೆ ಎಂದರೆ ಬಹಳ ಮಂದಿ ನಗಬಹುದು. ಆ ಐದು ನಿಮಿಷ ಇಲ್ಲದೆ ಹೋದಾಗ ಏನಾಗುತ್ತದೆಂಬುದಕ್ಕೆ ಎರಡು ಸಾಕ್ಷಿಗಳನ್ನು ನೋಡಬಹುದು.

ಅಮೆರಿಕಾ ದೇಶದಲ್ಲಿ ರಾಷ್ಟ್ರವ್ಯಾಪಿಯಾಗಿ ನಡೆದು ೧೯೮೩ರಲ್ಲಿ ಫಲಿತಾಂಶ ಪ್ರಕಟವಾದ ಒಂದು ಗಣಿತ ಪರೀಕ್ಷೆಯಲ್ಲಿ ಹದಿಮೂರು ವರ್ಷದ ಮಕ್ಕಳಿಗೆ ಹೀಗೊಂದು ಪ್ರಶ್ನೆಯಿತ್ತು: ಸೈನ್ಯದ ಒಂದು ಬಸ್ಸಿನಲ್ಲಿ ೩೬ ಸೈನಿಕರು ಕೂರಬಹುದು, ೧,೧೨೮ ಸೈನಿಕರನ್ನು ತರಬೇತಿಯ ಸ್ಥಳಕ್ಕೆ ಸಾಗಿಸಲು ಎಷ್ಟು ಬಸ್ಸು ಬೇಕು? ನೂರಕ್ಕೆ ಎಪ್ಪತ್ತು ಮಕ್ಕಳು ಭಾಗಾಕಾರವನ್ನು ಸರಿಯಾಗಿಯೇ ಮಾಡಿದರು. ಭಾಗಲಬ್ಧ ೩೧, ಶೇಷ ೧೨. ಆದರೆ ನೂರಕ್ಕೆ ೨೯ ಮಂದಿ "೩೧, ಶೇಷ ೧೨ ಬಸ್ಸುಗಳು" ಎಂದೇ ಬರೆದಿಟ್ಟರು. ಇನ್ನು ೧೮ ಮಂದಿ "೩೧ ಬಸ್ಸು" ಎಂದು ಬರೆದು, ಹನ್ನೆರಡು ಜನ ಸೈನಿಕರನ್ನು ರಸ್ತೆಯ ಬದಿಯಲ್ಲಿಯೇ ನಿಲ್ಲಿಸಿ ಹೋದರು. ೩೨ ಎಂದವರು ಕೇವಲ ೨೩ ಮಂದಿ. ಭಾಗಾಕಾರ ಬರುತ್ತಿತ್ತು, "ಶೇಷ ೧೨ ಬಸ್ಸು" ಎಂದರೆ ಏನೆಂದು ತಮ್ಮನ್ನೇ ಕೇಳಿಕೊಳ್ಳುವುದು ಬರುತ್ತಿರಲಿಲ್ಲ.

ಎರಡನೆಯದು ಇನ್ನೂ ವಿನೋದವಾದುದು. ಫ್ರಾನ್ಸಿನ ಗ್ರನೋಬ್ಲ್ ನಗರದಲ್ಲಿ ಗಣಿತ ಬೋಧನೆಯನ್ನು ಅಭ್ಯಾಸಮಾಡುತ್ತಿದ್ದ ವಿದ್ವಾಂಸರು ೧೯೭೯ರ ಸುಮಾರಿಗೆ ಪ್ರಾಥಮಿಕ ಶಾಲೆಯ ೯೭ ಮಕ್ಕಳ ಮುಂದೆ ಒಂದು ಪ್ರಶ್ನೆಯಿಟ್ಟರು: "ಒಂದು ಹಡಗಿನಲ್ಲಿ ೨೬ ಕುರಿಗಳೂ ೧೦ ಮೇಕೆಗಳೂ ಇವೆ. ಹಡಗಿನ ಕಪ್ತಾನನ ವಯಸ್ಸೆಷ್ಟು?" ೭೬ ಮಕ್ಕಳು ಆ ಎರಡು ಸಂಖ್ಯೆಗಳನ್ನೇ ಹಿಡಿದು ಏನೋ ಒಂದು ಲೆಕ್ಕ ಮಾಡಿ ವಯಸ್ಸನ್ನು ಕಂಡುಹಿಡಿದುಬಿಟ್ಟರು! ಕೂಡಿದರೆ ೩೬ ಬರುತ್ತದೆ. ಕಪ್ತಾನನಿಗೆ ಹೇಳಿಸಿದ ವಯಸ್ಸು. (ಇಂತಹ ಅಣಕದ ಪ್ರಶ್ನೆಯೊಂದನ್ನು ಫ್ರೆಂಚ್ ಕಾದಂಬರಿಕಾರ ಫ್ಲೋಬೇರ್ ೧೮೪೦ರ ದಶಕದಲ್ಲಿಯೇ ತನ್ನ ತಂಗಿಗೆ ಬರೆದ ಕಾಗದದಲ್ಲಿ ಕೇಳಿದ್ದನು. ತಂಗಿ ಉತ್ತರಿಸಲು ಪ್ರಯತ್ನಿಸಿದಳೋ ಏನೋ.) ೨೦೧೮ರಲ್ಲಿ ಚೀನಾದ ಸಿಚುವಾನ್ ಪ್ರಾಂತದ ಒಂದು ಜಿಲ್ಲೆಯಲ್ಲಿ ಐದನೆಯ ತರಗತಿಯ ಪ್ರಶ್ನಪತ್ರಿಕೆಯಲ್ಲಿ ಇದೇ ಕುರಿ, ಇದೇ ಮೇಕೆ, ಇದೇ ಕಪ್ತಾನ ಕಾಣಿಸಿಕೊಂಡಾಗ ದೊಡ್ಡ ಕೋಲಾಹಲವೇ ಎದ್ದಿತು. ಮಕ್ಕಳ ವಿಮರ್ಶಾಬುದ್ಧಿಯನ್ನೂ ಸ್ವತಂತ್ರ ವಿಚಾರಶಕ್ತಿಯನ್ನೂ ಪರೀಕ್ಷಿಸುವುದಕ್ಕಾಗಿಯೇ ಹಾಗೆ ಕೇಳಿದ್ದೆಂದು ಅಲ್ಲಿನ ಶಿಕ್ಷಣ ಇಲಾಖೆ ಸಮಾಧಾನ ಹೇಳಬೇಕಾಯಿತು.

ಈ ಮಕ್ಕಳನ್ನು ದಡ್ಡರೆನ್ನುವುದು ಅನ್ಯಾಯ. ಶಾಲೆಯ ಅಲಿಖಿತ ನಿಯಮಗಳನ್ನು ಅವರು ಬಹಳ ಚೆನ್ನಾಗಿ ಕಲಿತಿದ್ದಾರೆ. ಮೇಷ್ಟರು ಕೇಳಿದ ಪ್ರಶ್ನೆಗೆ ಉತ್ತರ ಇದ್ದೇ ಇರುತ್ತದೆ; ಪ್ರಶ್ನೆಯಲ್ಲಿ ಕೊಟ್ಟ ಸಂಖ್ಯೆಗಳನ್ನೆಲ್ಲ ಬಳಸಲೇಬೇಕು; ಈ ವಾರ ಯಾವ ಅಧ್ಯಾಯ ನಡೆಯುತ್ತಿದೆಯೋ ಆ ಅಧ್ಯಾಯದ ಸೂತ್ರವನ್ನೇ ಹಚ್ಚಬೇಕು; ಉತ್ತರ ಭಿನ್ನರಾಶಿಯಾಗಿ ಬಂದರೆ ಎಲ್ಲಿಯೋ ತಪ್ಪಿರಬೇಕು. ಈ ನಾಲ್ಕು ನಿಯಮಗಳನ್ನು ಯಾವ ಪಠ್ಯಪುಸ್ತಕವೂ ಅಚ್ಚು ಹಾಕಿಸಿಲ್ಲ. ಆದರೂ ಒಂಬತ್ತನೆಯ ತರಗತಿಗೆ ಬರುವ ವೇಳೆಗೆ ಎಲ್ಲ ಮಕ್ಕಳಿಗೂ ಅವು ಮಗ್ಗಿಗಿಂತ ಚೆನ್ನಾಗಿ ಬಾಯಿಗೆ ಬಂದಿರುತ್ತವೆ.

ಹಂಗೇರಿಯಲ್ಲಿ ಹುಟ್ಟಿದ ಗಣಿತಜ್ಞ ಜಾರ್ಜ್ ಪೋಲ್ಯ ಸಮಸ್ಯೆಗಳನ್ನು ಬಿಡಿಸುವ ಬಗೆಯನ್ನು ಕುರಿತು ೧೯೪೫ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದರು. ಸಮಸ್ಯೆಯನ್ನು ಅರಿತುಕೊಳ್ಳುವುದು, ಉಪಾಯ ಹೂಡುವುದು, ಅದನ್ನು ನಡೆಸುವುದು, ಕೊನೆಗೆ ಹಿಂದಿರುಗಿ ನೋಡುವುದು ಎಂದು ಅದರಲ್ಲಿ ನಾಲ್ಕು ಮೆಟ್ಟಿಲುಗಳು. ಮೂರನೆಯ ಮೆಟ್ಟಿಲಿನಲ್ಲಿಯೇ ಇಳಿದು ಓಡುವವರು ಹೆಚ್ಚು; ಓಡಿಸುವವರೂ ಹೆಚ್ಚು.

ಆ ನಾಲ್ಕನೆಯ ಮೆಟ್ಟಿಲಿನ ಮೇಲೆ ಮಕ್ಕಳನ್ನು ಸ್ವಲ್ಪ ಹೊತ್ತಾದರೂ ನಿಲ್ಲಿಸಬೇಕೆಂಬ ಹಟವುಳ್ಳ ಉಪಾಧ್ಯಾಯರು ಇಲ್ಲದಿಲ್ಲ. ಬೆಂಗಳೂರಿನ ಒಂದು ಹಳೆಯ ಬಡಾವಣೆಯ ಹೈಸ್ಕೂಲಿನಲ್ಲಿ ಅಂಥವರೊಬ್ಬರು ಒಂಬತ್ತನೆಯ ತರಗತಿಗೆ ಗಣಿತ ಹೇಳುತ್ತಾರೆ. ಒಂದು ದಿನ ಅವರು ತರಗತಿಗೆ ಬಂದವರೇ ಏನೂ ಪೀಠಿಕೆಯಿಲ್ಲದೆ ಬೋರ್ಡಿನ ಮೇಲೆ "ಅ = ಬ" ಎಂದು ಬರೆದರು. ಎರಡು ಪಕ್ಕಗಳನ್ನೂ ಅ ದಿಂದ ಗುಣಿಸಿದರು. ಎರಡು ಪಕ್ಕಗಳಿಂದಲೂ ಬ ದ ವರ್ಗವನ್ನು ಕಳೆದರು. ಎಡಪಕ್ಕವನ್ನು (ಅ + ಬ)(ಅ − ಬ) ಎಂದೂ ಬಲಪಕ್ಕವನ್ನು ಬ(ಅ − ಬ) ಎಂದೂ ಅಪವರ್ತನಗಳಾಗಿ ಒಡೆದರು. ಎರಡು ಕಡೆಯೂ ಇದ್ದ (ಅ − ಬ) ಯನ್ನು ಸೀಮೆಸುಣ್ಣದಿಂದ ಹೊಡೆದುಹಾಕಿದರು. ಉಳಿದದ್ದು ಅ + ಬ = ಬ. ಅ ಮತ್ತು ಬ ಒಂದೇ ಆದುದರಿಂದ ೨ಬ = ಬ. ಎಂದರೆ, ೨ = ೧.

ತರಗತಿಯಲ್ಲಿ ಏನು ನಡೆಯಿತು? ಮುಕ್ಕಾಲು ಪಾಲು ಮಕ್ಕಳು ಅದನ್ನು ಹಾಗೆಯೇ ನೋಟುಪುಸ್ತಕಕ್ಕೆ ಇಳಿಸಿಕೊಂಡರು. ಕೆಲವರು ಸ್ಕೇಲು ಹಿಡಿದು "೨ = ೧" ರ ಕೆಳಗೆ ಎರಡು ಗೆರೆಗಳನ್ನೂ ಎಳೆದರು, ಉತ್ತರಕ್ಕೆ ಹಾಗೆ ಎಳೆಯುವುದು ರೂಢಿಯಲ್ಲವೆ! ಮೇಷ್ಟರು ಕೈ ಕಟ್ಟಿಕೊಂಡು ನಿಂತೇ ಇದ್ದರು. ಕೊನೆಗೆ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು.

"ಸಾರ್, ಹಾಗಾದರೆ ನನಗೆ ಇಪ್ಪತ್ತು ಮಾರ್ಕು ಬಂದಾಗ ನಲವತ್ತು ಅಂತ ಹಾಕಿಕೊಡುತ್ತೀರಾ?"

"ಹಾಕುತ್ತೇನಮ್ಮ. ಅದೇ ಲೆಕ್ಕದಲ್ಲಿ ನಲವತ್ತು ಬಂದವರಿಗೆ ಇಪ್ಪತ್ತನ್ನೂ ಹಾಕಬೇಕಾಗುತ್ತದೆ. ಬೇಡವಾದರೆ ಯಾವ ಸಾಲಿನಲ್ಲಿ ಮೋಸ ಇದೆ, ತೋರಿಸು."

ಮೇಷ್ಟರು ಬರೆದ ಸಾಲಿನಲ್ಲಿ ಮೋಸ ಹುಡುಕುವುದೆ? ಮಕ್ಕಳು ಮುಖ ಮುಖ ನೋಡಿಕೊಂಡರು. ಒಬ್ಬ ಹುಡುಗ ಅ ಮತ್ತು ಬ ಎರಡಕ್ಕೂ ೫ ನ್ನು ಇಟ್ಟು ಸಾಲು ಸಾಲಾಗಿ ಪರೀಕ್ಷಿಸಹೊರಟನು. ೫ = ೫, ಸರಿ. ೨೫ = ೨೫, ಸರಿ. ೦ = ೦, ಅದೂ ಸರಿ. ಅಪವರ್ತನದ ಸಾಲಿನಲ್ಲಿ ೧೦ × ೦ = ೫ × ೦, ಸರಿಯೇ. ಅದರ ಮುಂದಿನ ಸಾಲು ೧೦ = ೫. "ಇಲ್ಲೇ ಸಾರ್, ಇಲ್ಲೇ! ನೀವು ಹೊಡೆದುಹಾಕಿದ್ದು ಸೊನ್ನೆ!" ಎಂದು ಅವನು ಕೂಗಿದ ಕೂಗಿಗೆ ಪಕ್ಕದ ತರಗತಿಯ ಉಪಾಧ್ಯಾಯಿನಿ ಬಾಗಿಲಿಗೆ ಬಂದು ನೋಡಿದರಂತೆ.

ಸೊನ್ನೆಯಿಂದ ಭಾಗಿಸಕೂಡದೆಂಬುದು ಎಲ್ಲರಿಗೂ ಗೊತ್ತಿದ್ದ ನಿಯಮವೇ. ಏಕೆ ಕೂಡದು ಎಂದು ಅವರು ಕೇಳಿದಾಗ ಮಾತ್ರ "ಪುಸ್ತಕದಲ್ಲಿ ಹಾಗೆ ಬರೆದಿದೆ" ಎಂಬುದರಾಚೆಗೆ ಯಾರಿಗೂ ತೋಚಲಿಲ್ಲ. ಆಗ ಮೇಷ್ಟರು ಸಾವಿರದ ನೂರು ವರ್ಷಗಳಿಗೂ ಹಿಂದಿನ ಒಬ್ಬ ಮಹನೀಯರನ್ನು ತರಗತಿಗೆ ಕರೆತಂದರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. ೮೫೦ರಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ಕನ್ನಡ ನಾಡಿನ ಗಣಿತ ಪರಂಪರೆಯಲ್ಲಿ ಅದಕ್ಕಿಂತ ದೊಡ್ಡ ಹೆಸರಿಲ್ಲ. ಆ ಗ್ರಂಥದಲ್ಲಿ ಆಚಾರ್ಯರು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದಿದ್ದಾರೆ. ಬುಟ್ಟಿಯಲ್ಲಿ ಹನ್ನೆರಡು ಮಾವಿನಹಣ್ಣುಗಳಿವೆ, ಹಂಚಿಕೊಳ್ಳಲು ಯಾರೂ ಬರಲಿಲ್ಲ. ಹಣ್ಣುಗಳು ಬುಟ್ಟಿಯಲ್ಲಿಯೇ ಉಳಿಯುತ್ತವೆ. ಹಾಗೆ ನೋಡಿದರೆ ಮಾತು ಒಪ್ಪುವಂತೆಯೇ ಇದೆ.

"ಆಚಾರ್ಯರ ಮಾತು ಸರಿಯೆ?" ಎಂದರು ಮೇಷ್ಟರು.

ಹೌದೆನ್ನಲು ತರಗತಿ ಸಿದ್ಧವಾಗಿತ್ತು. ಅಷ್ಟು ದೊಡ್ಡವರು, ಅದೂ ಕನ್ನಡ ನಾಡಿನವರು, ಅದೂ ಸಂಸ್ಕೃತದಲ್ಲಿ! ಹಿಂದಿನ ಬೆಂಚಿನ ಆ ಹುಡುಗಿಗೆ ಮಾತ್ರ ಸಮಾಧಾನವಾಗಲಿಲ್ಲ. ೧೨ ನ್ನು ೩ ರಿಂದ ಭಾಗಿಸಿದರೆ ೪. ಸರಿಯೋ ತಪ್ಪೋ ನೋಡಬೇಕಾದರೆ ೩ ನ್ನೂ ೪ ನ್ನೂ ಗುಣಿಸಬೇಕು, ೧೨ ಬರಬೇಕು. ೧೨ ನ್ನು ಸೊನ್ನೆಯಿಂದ ಭಾಗಿಸಿ ೧೨ ಬಂದರೆ, ಸೊನ್ನೆಯನ್ನೂ ಹನ್ನೆರಡನ್ನೂ ಗುಣಿಸಿದಾಗ ೧೨ ಬರಬೇಕಲ್ಲವೆ? ಬರುವುದು ಸೊನ್ನೆ. ಹನ್ನೆರಡರ ಬದಲು ಯಾವ ಸಂಖ್ಯೆಯನ್ನಿಟ್ಟರೂ ಬರುವುದು ಸೊನ್ನೆಯೇ. ಹುಡುಗಿ ಇಷ್ಟನ್ನು ಬೋರ್ಡಿನ ಮೇಲೆ ಬರೆದು, ಸೀಮೆಸುಣ್ಣದ ಕೈಯನ್ನು ಲಂಗಕ್ಕೆ ಒರಸಿಕೊಂಡು, ಮೆಲ್ಲಗೆ ಹೇಳಿದಳು: "ಆಚಾರ್ಯರದು ತಪ್ಪು ಅನ್ನಿಸುತ್ತೆ, ಸಾರ್."

ತಪ್ಪು ಹೌದು. ೧೧೫೦ರಲ್ಲಿ 'ಲೀಲಾವತಿ'ಯನ್ನು ಬರೆದ ಭಾಸ್ಕರಾಚಾರ್ಯರು ಇಂತಹ ರಾಶಿಗೆ 'ಖಹರ'ವೆಂದು ಹೆಸರಿಟ್ಟು, ಅದು ಅನಂತವೆಂದರು. ಅದಕ್ಕೂ ಐದು ಶತಮಾನಗಳ ಹಿಂದೆ, ೬೨೮ರಲ್ಲಿ, ಬ್ರಹ್ಮಗುಪ್ತರು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯೆಂದಿದ್ದರು. ಮೂವರೂ ಮಹಾಮೇಧಾವಿಗಳು. ಮೂವರ ಉತ್ತರವೂ ಹುಡುಗಿಯ ಗುಣಾಕಾರದ ಮುಂದೆ ನಿಲ್ಲುವುದಿಲ್ಲ. ೧೨ ನ್ನು ಭಾಗಿಸಿದರೂ ಅನಂತ, ೭ ನ್ನು ಭಾಗಿಸಿದರೂ ಅನಂತ ಎಂದಾದರೆ, ಅದನ್ನು ಸೊನ್ನೆಯಿಂದ ಗುಣಿಸಿದಾಗ ಹಿಂದಿರುಗಿ ಬರಬೇಕಾದುದು ಹನ್ನೆರಡೋ ಏಳೋ? ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವಲ್ಲಿಯಂತೂ ಯಾವ ಸಂಖ್ಯೆಯನ್ನು ಹೇಳಿದರೂ ಗುಣಾಕಾರ ಒಪ್ಪಿಕೊಳ್ಳುತ್ತದೆ. ಸೊನ್ನೆಯನ್ನೇ ಆರಿಸಿಕೊಳ್ಳಲು ಕಾರಣವಿಲ್ಲ. ಆದ್ದರಿಂದಲೇ ಇಂದಿನ ಗಣಿತ ಆ ಕ್ರಿಯೆಯನ್ನೇ ನಿಷೇಧಿಸಿದೆ. ಪುಸ್ತಕದ ಒಂದು ಸಾಲಿನ ನಿಯಮದ ಹಿಂದೆ ಇಷ್ಟು ಕಥೆಯಿದೆ.

ಅದೇ ಮಹಾವೀರಾಚಾರ್ಯರು ಋಣಸಂಖ್ಯೆ ತನ್ನ ಸ್ವಭಾವದಿಂದಲೇ ವರ್ಗವಲ್ಲ, ಆದುದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅದೇ ಗ್ರಂಥದಲ್ಲಿ ಬರೆದಿದ್ದಾರೆಂಬುದನ್ನೂ ಮೇಷ್ಟರು ಆ ದಿನ ಹೇಳದೆ ಬಿಡಲಿಲ್ಲ. ಮಕ್ಕಳು ಅದನ್ನೂ ಪರೀಕ್ಷಿಸಿದರು. ಋಣವನ್ನು ಋಣದಿಂದ ಗುಣಿಸಿದರೂ ಧನ, ಧನವನ್ನು ಧನದಿಂದ ಗುಣಿಸಿದರೂ ಧನ. ಅವರಿಗೆ ಗೊತ್ತಿದ್ದ ಸಂಖ್ಯೆಗಳ ಲೋಕದಲ್ಲಿ ಆಚಾರ್ಯರು ಗೆದ್ದರು. ಹಿಂದಿನವರನ್ನು ಬಲ್ಲೆವೆಂದು ಹೇಳಿಕೊಳ್ಳುವ ಎಷ್ಟೋ ಸಭೆಗಳಲ್ಲಿ ಆ ಗ್ರಂಥದ ಹೆಸರಿಗೆ ಚಪ್ಪಾಳೆ ಬೀಳುತ್ತದೆ. ಅದರ ಎರಡು ಮಾತುಗಳನ್ನು ತೂಗಿ ನೋಡಿದ್ದು ಒಂಬತ್ತನೆಯ ತರಗತಿಯ ಈ ಮಕ್ಕಳು.

ಎರಡು ದಿನಗಳ ಮೇಲೆ ಆ ಹುಡುಗಿಯ ತಂದೆ ಶಾಲೆಗೆ ಬಂದರು. ಜಗಳಕ್ಕೆ ಬಂದವರಲ್ಲ, ಸಂಭಾವಿತರು.

"ನಮ್ಮ ಹುಡುಗಿ ಮಹಾವೀರಾಚಾರ್ಯರನ್ನೇ ತಪ್ಪು ಅಂದಳಂತೆ. ಮನೆಗೆ ಬಂದು ಅವಳ ತಾತನ ಹತ್ತಿರ ಹೇಳಿಕೊಂಡು ಕುಣಿದಾಡಿದಳು. ನಾಳೆ ನಮ್ಮನ್ನೂ ಹಾಗೇ ಅಂತಾಳೆ, ಸಾರ್."

"ಕಾರಣ ಕೊಟ್ಟು ಅಂದರೆ ಅನ್ನಲಿ, ಸ್ವಾಮಿ. ಕಾರಣ ಕೊಡದೆ ಅಂದರೆ ನನಗೆ ಹೇಳಿ, ನಾನೇ ಗದರಿಸುತ್ತೇನೆ."

ಆ ತಂದೆಯ ಅಳುಕನ್ನು ಹಗುರಾಗಿ ಕಾಣುವಂತಿಲ್ಲ. ಹಿರಿಯರ ಮಾತಿಗೆ ಎದುರಾಡದಿರುವುದನ್ನೇ ಸಂಸ್ಕಾರವೆಂದು ಬೆಳೆಸಿದ ಮನೆಗಳಲ್ಲಿ "ಅದು ಹೇಗೆ?" ಎಂಬ ಪ್ರಶ್ನೆ ಒಳಗೆ ಬಂದರೆ ಬಹಳ ಪಾತ್ರೆಗಳು ಸದ್ದುಮಾಡುತ್ತವೆ. ಆದರೆ ಗಣಿತದ ತರಗತಿಯಲ್ಲಿ ಕಲಿತ ಪ್ರಶ್ನೆಗೂ ಬಾಯಿಜೋರಿಗೂ ಸಂಬಂಧವಿಲ್ಲ. ಅಲ್ಲಿ ವಯಸ್ಸು ನಡೆಯುವುದಿಲ್ಲ. ಹಾಗೆಯೇ ಹಟವೂ ನಡೆಯುವುದಿಲ್ಲ. ಹದಿನಾಲ್ಕು ವರ್ಷದವಳು ಆಚಾರ್ಯರನ್ನು ತಪ್ಪೆನ್ನಬಹುದು, ಆದರೆ ಪ್ರತಿಯೊಂದು ಹೆಜ್ಜೆಯನ್ನೂ ಬೋರ್ಡಿನ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಬೇಕು. ಅದರಲ್ಲಿ ಒಂದು ಹೆಜ್ಜೆ ಜಾರಿದರೆ, ಕೂತುಕೊಳ್ಳಬೇಕು. ಇಷ್ಟು ನಿಷ್ಠುರವಾದ ವಿನಯವನ್ನು ಕಲಿಸುವ ಪಾಠ ಶಾಲೆಯಲ್ಲಿ ಇನ್ನೊಂದಿದೆಯೆ?

ಮತ್ತೆ, ಪ್ರಶ್ನೆ ಕೇಳಲು ಬಾರದ ಮಕ್ಕಳು ಮುಂದೆ ಮನೆ ನಡೆಸುವವರಾಗುತ್ತಾರೆ. ಬಟ್ಟೆಯಂಗಡಿಯ ಗಾಜಿನ ಮೇಲೆ "ಶೇಕಡಾ ೫೦ ಮತ್ತು ಶೇಕಡಾ ೨೦ ರಿಯಾಯಿತಿ" ಎಂದು ಬರೆದಿದ್ದರೆ, ಎಪ್ಪತ್ತು ಕಡಿಮೆಯಾಯಿತೆಂದು ಹಿಗ್ಗಿ ಒಳಹೋಗುವವರೇ ಹೆಚ್ಚು. ಸಾವಿರದ ಸೀರೆ ಮೊದಲು ಐನೂರಾಗಿ, ಆ ಐನೂರರಲ್ಲಿ ಶೇಕಡಾ ೨೦ ಕಳೆದು ನಾನೂರಕ್ಕೆ ನಿಲ್ಲುತ್ತದೆ. ಒಟ್ಟು ರಿಯಾಯಿತಿ ಅರವತ್ತು. ಇದು ನೂರು ರೂಪಾಯಿಯ ವಿಷಯ, ಹೋಗಲಿ. ಸಾಲದ ವಿಷಯ ಹಾಗಲ್ಲ. ಒಂದು ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ಶೇಕಡಾ ೧೨ ಬಡ್ಡಿ, ಅಸಲು ಬಡ್ಡಿ ಸೇರಿ ೧,೧೨,೦೦೦ ರೂಪಾಯಿ, ಹನ್ನೆರಡು ಕಂತು, ಕಂತಿಗೆ ೯,೩೩೩ ಎಂದು ಯಾರಾದರೂ ಹೇಳಿದರೆ ಲೆಕ್ಕದಲ್ಲಿ ಒಂದು ಪೈಸೆಯ ತಪ್ಪೂ ಇಲ್ಲ. ಆದರೆ ಪ್ರತಿ ತಿಂಗಳೂ ಅಸಲಿನಲ್ಲಿ ೮,೩೩೩ ರೂಪಾಯಿ ತೀರುತ್ತ ಬರುತ್ತದೆ. ಹನ್ನೆರಡನೆಯ ತಿಂಗಳಲ್ಲಿ ಸಾಲಗಾರನ ಬಳಿ ಉಳಿದಿರುವ ಅಸಲು ೮,೩೩೩ ಮಾತ್ರ. ಅದಕ್ಕೂ ಒಂದು ತಿಂಗಳಿಗೆ ಸಾವಿರ ರೂಪಾಯಿ ಬಡ್ಡಿ! ಇಡೀ ವರ್ಷಕ್ಕೆ ಕೂಡಿ ನೋಡಿದರೆ, ತನ್ನ ಬಳಿ ನಿಜವಾಗಿ ಇದ್ದ ಹಣದ ಮೇಲೆ ಅವನು ಕೊಟ್ಟ ಬಡ್ಡಿ ಶೇಕಡಾ ೨೧ಕ್ಕೂ ಮೇಲೆ. ಇದಕ್ಕೆ ಬೇಕಾದ ಗಣಿತ ಹತ್ತನೆಯ ತರಗತಿಯ ಸಮಾಂತರ ಶ್ರೇಢಿಗಿಂತ ಹೆಚ್ಚಿನದಲ್ಲ. ಕೊರತೆಯಾಗುವುದು ಗಣಿತದ್ದಲ್ಲ, "ಯಾವ ಹಣದ ಮೇಲೆ ಶೇಕಡಾ ಹನ್ನೆರಡು?" ಎಂಬ ಐದು ಮಾತುಗಳದು.

ಹೀಗೆ ಕಲಿಸುವುದಕ್ಕೆ ಹೊತ್ತೆಲ್ಲಿದೆ ಎಂದು ಉಪಾಧ್ಯಾಯರು ಕೇಳುತ್ತಾರೆ. ಕೇಳುವುದು ನ್ಯಾಯವೇ. ಒಂದು ಕೊಠಡಿಯಲ್ಲಿ ಐವತ್ತು ಅರವತ್ತು ಮಕ್ಕಳು, ಮುಗಿಸಬೇಕಾದ ಪಾಠಗಳ ಪಟ್ಟಿ, ಎದುರಿಗೆ ಎಸ್ಸೆಸ್ಸೆಲ್ಸಿ. ೨೦೦೫ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಮಗುವಿನ ಚಿಂತನೆಯನ್ನೇ ಗಣಿತದ ದಾರಿಗೆ ಹಚ್ಚುವುದು ಗಣಿತ ಬೋಧನೆಯ ಮುಖ್ಯ ಗುರಿಯೆಂದು ಸಾರಿತು. ಮಕ್ಕಳನ್ನು ಹಿಡಿದಿರುವ ಗಣಿತದ ಭಯವನ್ನೂ ಅಲ್ಲಿಯೇ ಎತ್ತಿ ಆಡಿತು. ಕಾಗದದ ಮೇಲೆ ಅದು ಬಹಳ ಚೆನ್ನಾಗಿದೆ. ಆದರೆ ಮನೆಯವರು ಕೇಳುವುದು "ನೂರಕ್ಕೆ ಎಷ್ಟು?" ಎಂದೇ ಆಗಿರುವಾಗ ಉಪಾಧ್ಯಾಯರೊಬ್ಬರನ್ನೇ ದೂರಿ ಫಲವೇನು? ಶೀಘ್ರಗಣಿತವನ್ನು ಕಂಡು ಬೆರಗಾಗುವ ಚಾಪಲ್ಯವೂ ಮನೆಯವರಿಗೆ ಉಂಟು. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿ ೧೯೮೦ರಲ್ಲಿ ಲಂಡನ್ನಿನಲ್ಲಿ ಹದಿಮೂರು ಅಂಕೆಗಳ ಎರಡು ಸಂಖ್ಯೆಗಳನ್ನು ೨೮ ಸೆಕೆಂಡುಗಳಲ್ಲಿ ಗುಣಿಸಿ ಜಗತ್ತನ್ನು ನಿಬ್ಬೆರಗಾಗಿಸಿದರು. ಕೋಟಿಗೊಬ್ಬರಿಗೆ ಒಲಿಯುವ ಶಕ್ತಿ ಅದು. ಆದರೆ ಅದನ್ನು ನೋಡಿ ಮಗುವನ್ನು ಗಡಿಯಾರದ ಮುಂದೆ ಕೂರಿಸುವವರು, ಈಗ ಕಿಸೆಯೊಳಗಿನ ಮೊಬೈಲು ಆ ಗುಣಾಕಾರವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿಕೊಡುತ್ತದೆಂಬುದನ್ನೂ ನೆನೆಯಬೇಕು. ಗುಣಿಸಬೇಕೋ ಭಾಗಿಸಬೇಕೋ ಎಂಬುದನ್ನು ಹೇಳಬೇಕಾದವನು ಮಾತ್ರ ಮೊಬೈಲು ಹಿಡಿದವನೇ.

ಬೆಂಗಳೂರಿನ ಆ ಮೇಷ್ಟರು ಪಾಠಗಳನ್ನು ಬಿಡುವುದಿಲ್ಲ. ಪರೀಕ್ಷೆಗೆ ಬೇಕಾದುದನ್ನೆಲ್ಲ ಮಾಡಿಸುತ್ತಾರೆ. ವಾರಕ್ಕೊಮ್ಮೆ ಕೊನೆಯ ಹತ್ತು ನಿಮಿಷಗಳನ್ನು ಮಾತ್ರ ಕದಿಯುತ್ತಾರೆ. ಅಂತಹ ಹತ್ತು ನಿಮಿಷಗಳಲ್ಲಿ ಒಂದು ದಿನ ಅವರು ಬೋರ್ಡಿನ ಮೇಲೆ ವೃತ್ತಗಳನ್ನು ಬರೆದರು. ಪರಿಧಿಯ ಮೇಲೆ ಒಂದೇ ಬಿಂದುವಿದ್ದರೆ ವೃತ್ತ ಒಂದೇ ತುಂಡು. ಎರಡು ಬಿಂದುಗಳನ್ನು ಸೇರಿಸಿ ಗೆರೆ ಎಳೆದರೆ ಎರಡು. ಮೂರು ಬಿಂದುಗಳನ್ನು ಪರಸ್ಪರ ಸೇರಿಸಿದರೆ ನಾಲ್ಕು. ನಾಲ್ಕಕ್ಕೆ ಎಂಟು. ಐದಕ್ಕೆ ಹದಿನಾರು. "ಆರು ಬಿಂದುವಿಗೆ?" ಎಂದು ಅವರು ಬಾಯಿ ತೆರೆಯುವ ಮುನ್ನವೇ ಇಡೀ ತರಗತಿ "ಮೂವತ್ತೆರಡು!" ಎಂದಿತು. "ಸರಿ, ನಾಳೆ ಬರೆದುಕೊಂಡು ಬನ್ನಿ" ಎಂದು ಅವರು ಹೊರಟುಹೋದರು.

ಮರುದಿನ ಮೂವತ್ತೆರಡು ತಂದವರು ನಾಲ್ಕೇ ಮಂದಿ. ಅವರಲ್ಲಿ ಒಬ್ಬನನ್ನು ಎಣಿಸಿ ತೋರಿಸು ಎಂದಾಗ, "ಎಣಿಸಲಿಲ್ಲ ಸಾರ್, ಮೂವತ್ತೆರಡು ಬರಲೇಬೇಕಲ್ಲ" ಎಂದನು. ಬಹಳ ಮಂದಿ ಮೂವತ್ತೊಂದು ತಂದಿದ್ದರು. ತಮ್ಮ ಎಣಿಕೆಯೇ ತಪ್ಪಿರಬೇಕೆಂದು ಅವರಲ್ಲಿ ಅರ್ಧದಷ್ಟು ಮಂದಿ ಹೆದರಿಕೊಂಡಿದ್ದರು. ಇನ್ನು ಕೆಲವರದು ಮೂವತ್ತು. ಅವರೆಲ್ಲ ಕೈವಾರದಿಂದ ಪರಿಧಿಯನ್ನು ಆರು ಸಮಭಾಗ ಮಾಡಿ ಅಚ್ಚುಕಟ್ಟಾಗಿ ಬರೆದವರು. ತಮ್ಮ ಚಿತ್ರವೇ ಚೆಂದವಾಗಿರುವುದರಿಂದ ತಮ್ಮ ಉತ್ತರವೇ ಸರಿಯೆಂದು ಅವರ ವಾದ. ಎರಡು ಪಕ್ಷಗಳಾದವು. ಮೇಷ್ಟರು ಕಿಟಕಿಯ ಬಳಿ ನಿಂತು ಹೊರಗೆ ನೋಡುತ್ತಿದ್ದರು. ಅಚ್ಚುಕಟ್ಟಾದ ಚಿತ್ರದಲ್ಲಿ ಮೂರು ಉದ್ದ ಗೆರೆಗಳು ನಟ್ಟನಡುವೆ ಒಂದೇ ಬಿಂದುವಿನಲ್ಲಿ ಸೇರಿವೆಯೆಂದು ಒಬ್ಬಳು ಕಂಡುಹಿಡಿದಳು. ಒಂದು ಬಿಂದುವನ್ನು ಪರಿಧಿಯ ಮೇಲೆ ಚೂರೇ ಚೂರು ಸರಿಸಿದಳು. ನಡುವೆ ಸಾಸಿವೆಯಷ್ಟು ತ್ರಿಕೋಣವೊಂದು ಬಾಯಿಬಿಟ್ಟಿತು. ಮೂವತ್ತೊಂದು!

ಮೂವತ್ತೆರಡು ಎಲ್ಲಿ ಹೋಯಿತೆಂಬುದು ಮಾತ್ರ ಅಂದಿಗೆ ಬಗೆಹರಿಯಲಿಲ್ಲ. ಹೊಸ ಗೆರೆಯೊಂದನ್ನು ಎಳೆದಾಗಲೆಲ್ಲ ಒಂದು ತುಂಡು ಹೆಚ್ಚುತ್ತದೆ, ಅದು ಹಳೆಯ ಗೆರೆಯನ್ನು ಕತ್ತರಿಸುವ ಒಂದೊಂದು ಕಡೆಯೂ ಇನ್ನೊಂದೊಂದು ಹೆಚ್ಚುತ್ತದೆ; ಆರು ಬಿಂದುಗಳಿಗೆ ಗೆರೆಗಳು ೧೫, ಕತ್ತರಿಸುವ ಬಿಂದುಗಳು ೧೫, ಮೊದಲಿನ ಒಂದು ತುಂಡನ್ನು ಸೇರಿಸಿ ೩೧. ಹಾಗೆಂದು ಮೇಷ್ಟರು ಒಂದೇ ಮಾತಿನಲ್ಲಿ ಹೇಳಿಬಿಡಬಹುದಾಗಿತ್ತು, ಹೇಳಲಿಲ್ಲ. ಗಂಟೆ ಹೊಡೆಯಿತು. ಅವರು ಹಾಜರಿ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟರು. ಏಳು ಬಿಂದುಗಳ ದೊಡ್ಡ ವೃತ್ತವೊಂದನ್ನು ಬೋರ್ಡಿನ ತುಂಬ ಬರೆದುಕೊಂಡು ಇಬ್ಬರು ಅಲ್ಲಿಯೇ ನಿಂತಿದ್ದರು, ಐವತ್ತಾರೋ ಐವತ್ತೇಳೋ ಎಂದು ವಾದಿಸುತ್ತ. ಮುಂದಿನ ಪೀರಿಯಡಿನ ಕನ್ನಡ ಪಂಡಿತರು ಡಸ್ಟರನ್ನು ಕೈಯಲ್ಲಿ ಹಿಡಿದು, ಅವರ ಎಣಿಕೆ ಮುಗಿಯಲೆಂದು ಬಾಗಿಲ ಬಳಿ ಕಾಯುತ್ತಿದ್ದರು.